ಪಾತ್ರಾಪಾತ್ರ ವಿಚಾರ

ಡಿಸೆಂಬರ ತಿಂಗಳು ನಮ್ಮ ಧಾರವಾಡ ಜಿಲ್ಲೆಯಲ್ಲಿ ಕೈಯೊಳಗೆ ನಾಲ್ಕು ಕಾಸು ಆಡುವ ತಿಂಗಳು. ಕಲಘಟಗಿಯ ಕಡೆಗೆ ಭತ್ತದ ಸುಗ್ಗಿ ಮುಗಿಯುತ್ತ ಬಂದಿರುತ್ತದೆ. ಕುಂದಗೋಳದ ಕಡೆಗೆ ಮೆಣಸಿನಕಾಯಿ ಬಿಡಿಸುವ ಕೆಲಸ ಹತ್ತಿರುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಬಿಳಿಜೋಳವೂ ಕಡಲೆಯೂ ಇನ್ನೂ ನಿಂತಿದ್ದರೂ ಎಳ್ಳಮವಾಸ್ಯೆಯ ಚರಗ ಚೆಲ್ಲುವ ದಿನ ಹತ್ತಿರ ಬಂದು, ಬರಲಿರುವ ಫಸಲಿನ ನೆಚ್ಚಿಕೆಯ ಮೇಲೆಯೇ ಜನ ಸ್ವಲ್ಪ ಉದಾರರಾಗಿರುತ್ತಾರೆ. ಇತ್ತ ಹುಬ್ಬಳ್ಳಿ ಧಾರವಾಡಗಳ ಇಗರ್ಜಿಗಳ ಮುಂದೆ ಕ್ರಿಸ್ಮಸ್ಸಿನ ನಕ್ಷತ್ರದೀಪಗಳು ತೂಗುತ್ತವೆ. ಇದೇ ಹೊತ್ತು ನೋಡಿ ಪಾವತಿ ಪುಸ್ತಕಗಳೂ ಸಂಚಾರ ಹೊರಡುತ್ತವೆ. ಗುಡಿಯ ಜೀರ್ಣೋದ್ಧಾರದ್ದು ಒಂದು, ಮಠದ ದಾಸೋಹದ್ದು ಒಂದು, ಅನಾಥಾಲಯದ್ದು, ಕುರುಡ ಮಕ್ಕಳದ್ದು, ಶಾಲೆಯ ಕೋಣೆಯದ್ದು, ಕ್ರಿಸ್ಮಸ್ಸಿನ ದಿನ ಬಡವರಿಗೆ ಊಟ ಹಾಕಿಸುವವರದ್ದು. ಈಗಿನ ದಿನದಲ್ಲಿ ಪುಸ್ತಕ ಹಿಡಿದು ಬಾಗಿಲಿಗೆ ಬಾರದವರೂ ಕಿಸೆಯಲ್ಲಿಯ ಫೋನಿನೊಳಗಿಂದ ಕರೆಯುತ್ತಾರೆ. ಎಲ್ಲೋ ಮುಂಬಯಿಯ ಆಸ್ಪತ್ರೆಯಲ್ಲಿ ಮಲಗಿದ ಕೂಸಿನ ಮುಖವನ್ನು ತೋರಿಸಿ ಇಷ್ಟು ಕೊಡಿ ಎನ್ನುತ್ತಾರೆ.

ಕೊಡಬೇಕೋ ಬೇಡವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಕೊಡಲೊಲ್ಲದವನಿಗೆ ಸಾವಿರ ಕಾರಣಗಳು ಇದ್ದೇ ಇರುತ್ತವೆ. ಅವನ ಗೊಡವೆ ನಮಗೆ ಬೇಡ. ಕೊಡುವ ಮನಸ್ಸಿದ್ದು, ಕೊಡುವ ಹಣ ಅಳತೆಯದ್ದಾಗಿದ್ದು, ಕೇಳುವವರು ಅಳತೆ ಮೀರಿ ಇರುವಾಗ ಯಾರಿಗೆ ಕೊಡಬೇಕು, ಯಾರಿಗೆ ಇಲ್ಲವೆನ್ನಬೇಕು ಎಂಬುದೇ ಪ್ರಶ್ನೆ. ನಮ್ಮಂಥ ನೌಕರಿಯವರಲ್ಲಿ ಬಹಳ ಮಂದಿ ಇದಕ್ಕೆ ಒಂದು ಸುಲಭದ ಉತ್ತರ ಕಂಡುಕೊಂಡಿದ್ದಾರೆ. ಬಂದವರಿಗೆಲ್ಲ ನೂರೊಂದು ಬರೆದು ಕಳಿಸುವುದು. ಇದರಿಂದ ಯಾರ ಮನಸ್ಸೂ ನೋಯುವುದಿಲ್ಲ, ಯಾರ ಕೆಲಸವೂ ಆಗುವುದಿಲ್ಲ. ಆ ನೂರೊಂದು ಹೋಗುವುದು ಕೇಳಿದವನ ಕಷ್ಟಕ್ಕಲ್ಲ, ನಮ್ಮ ಸಂಕೋಚಕ್ಕೆ. ಇಲ್ಲವೆನ್ನುವ ಎರಡು ನಿಮಿಷದ ಮುಜುಗರವನ್ನು ನಾವು ನೂರೊಂದು ರೂಪಾಯಿ ಕೊಟ್ಟು ತಪ್ಪಿಸಿಕೊಂಡಿರುತ್ತೇವೆ, ಅಷ್ಟೆ.

ಹಿರಿಯರು ಈ ವಿಷಯವನ್ನು ಯೋಚಿಸದೆ ಬಿಟ್ಟಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ದೇಶ, ಕಾಲ, ಪಾತ್ರಗಳನ್ನು ನೋಡಿ ಪ್ರತಿಫಲದ ಆಸೆಯಿಲ್ಲದೆ ಕೊಟ್ಟದ್ದು ಮೇಲೆಂದು ಹೇಳಿದೆ. ಇಸ್ಲಾಮಿನಲ್ಲಿ ಜಕಾತು ಯಾರಿಗೆ ಸಲ್ಲಬೇಕೆಂದು ಎಂಟು ಬಗೆಯ ಜನರನ್ನು ಹೆಸರಿಸಿ ಹೇಳಿದೆ. ಹನ್ನೆರಡನೆಯ ಶತಮಾನದಲ್ಲಿ ಇತ್ತ ಕಲ್ಯಾಣದಲ್ಲಿ ಶರಣರು ದಾನವೆಂಬ ಮಾತಿನಲ್ಲಿಯ ದೊಡ್ಡಸ್ತಿಕೆಯನ್ನೇ ಒಲ್ಲದೆ ದಾಸೋಹವೆಂದು ಕರೆಯುತ್ತಿದ್ದಾಗ, ಅತ್ತ ಈಜಿಪ್ತಿನಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸನು ಕೊಡುವುದರಲ್ಲಿ ಎಂಟು ಮೆಟ್ಟಿಲುಗಳನ್ನು ಎಣಿಸಿದನು. ಕೊಟ್ಟವನಾರೆಂದು ಇಸಿದುಕೊಂಡವನಿಗೆ, ಇಸಿದುಕೊಂಡವನಾರೆಂದು ಕೊಟ್ಟವನಿಗೆ ಗೊತ್ತಾಗದಂತೆ ಕೊಡುವುದು ಅವನ ಲೆಕ್ಕದಲ್ಲಿ ಬಹಳ ಮೇಲಿನ ಮೆಟ್ಟಿಲು. ಅದಕ್ಕೂ ಮೇಲಿನದೊಂದಿದೆ: ಬಿದ್ದವನಿಗೆ ಸಾಲವನ್ನೋ ಕೆಲಸವನ್ನೋ ಒದಗಿಸಿ, ಮತ್ತೆ ಕೈಯೊಡ್ಡದ ಹಾಗೆ ಮಾಡುವುದು.

ಎಲ್ಲವೂ ಸರಿಯೆ. ಆದರೆ ಪಾತ್ರನಾರು ಎಂದು ತಿಳಿಯುವುದು ಹೇಗೆ? ಹಳ್ಳಿಯಲ್ಲಿ ಇದ್ದವರಿಗೆ ಇದು ಇಷ್ಟು ಕಠಿಣವಿರಲಿಲ್ಲ ಎಂದು ನಾವು ನಂಬಿದ್ದೇವೆ. ಕಣದಲ್ಲಿ ರಾಶಿಯಾದೊಡನೆ ಬಡಿಗ, ಕಮ್ಮಾರ, ಕುಂಬಾರ, ಹಡಪದ, ಅಗಸ, ತಳವಾರ ಎಂದು ಆಯಗಾರರಿಗೆಲ್ಲ ಅಳೆದು ಹಾಕಿ, ಆಮೇಲೆ ಜಂಗಮರಿಗೆ, ಫಕೀರರಿಗೆ, ದಾರಿಹೋಕರಿಗೆ ಮೊರದಿಂದ ಕೊಟ್ಟು, ಉಳಿದದ್ದನ್ನು ಹಗೇವಿಗೆ ತುಂಬುವ ಪದ್ಧತಿಯನ್ನು ನೆನೆದು ನಮ್ಮ ಪೀಳಿಗೆಯವರು ನಿಟ್ಟುಸಿರು ಬಿಡುವುದುಂಟು. ಅಲ್ಲಿ ಕೊಡುವವನಿಗೆ ಎಲ್ಲರೂ ಗೊತ್ತು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರು ಸುಳ್ಳು ಹೇಳುತ್ತಾನೆ ಎಂಬುದೆಲ್ಲ ಗೊತ್ತು. ನಿಜ. ಆದರೆ ಅದೇ ಕಣದಲ್ಲಿ ವರ್ಷವಿಡೀ ದುಡಿದವರ ಪೈಕಿ ಕೆಲವರು ದೂರ ನಿಂತು ಸೆರಗೊಡ್ಡಬೇಕಾಗಿತ್ತು ಎಂಬುದನ್ನೂ ನೆನೆಯತಕ್ಕದ್ದು. ಅವರಿಗೆ ಸಲ್ಲುತ್ತಿದ್ದುದು ದಾನವಲ್ಲ, ದುಡಿಮೆಯ ಪಾಲು. ಪಾಲನ್ನು ದಾನದ ಹಾಗೆ ಕೊಡುತ್ತಿದ್ದರು. ಬಲ್ಲವರು ಬಲ್ಲವರಿಗೆ ಕೊಡುವುದರಲ್ಲಿ ಮೋಸ ಕಡಿಮೆ, ಅನುಮಾನವಿಲ್ಲ. ಆದರೆ ಇಸಿದುಕೊಂಡವನು ಮರುದಿನ ಅದೇ ಓಣಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ. ಊರಿನ ದಾನಕ್ಕೆ ಊರಿನಷ್ಟೇ ಕಣ್ಣು, ಊರಿನಷ್ಟೇ ಕುರುಡು.

ಇದಕ್ಕೆ ನೇರ ಎದುರಾದ ಇನ್ನೊಂದು ಬಗೆಯ ದಾನವನ್ನೂ ನಮ್ಮ ಜಿಲ್ಲೆ ಕಂಡಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದರು. ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೂ ಹೋದರು. ಅವರ ಶಾಲೆಗಳಿಗೂ ಅನಾಥಾಲಯಗಳಿಗೂ ಹಣ ಎಲ್ಲಿಂದ ಬರುತ್ತಿತ್ತು? ದೊಡ್ಡ ದೊಡ್ಡ ಸಾಹುಕಾರರಿಂದ ಮಾತ್ರವೇ ಅಲ್ಲ. 1850ರ ದಶಕದಲ್ಲಿ ಬಾಸೆಲ್ ನಗರದ ಕಾರ್ಲ್ ಸಾರಾಸಿನ್ ಎಂಬ ಉದ್ಯಮಿಯೊಬ್ಬನು ಒಂದು ಯುಕ್ತಿಯನ್ನು ಹೂಡಿದನು. ಬಾಟ್ಸೆನ್ ಎಂಬುದು ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ರಾಪ್ಪೆನ್ ಕೊಟ್ಟರೆ ಸಾಕು. ಮನೆಮನೆಗೆ ಹೋಗಿ ಅದನ್ನು ಕೂಡಿಸುವುದು. ಸ್ವಿತ್ಸರ್ಲಂಡಿನಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಮನೆಗೆಲಸದವರು, ನೇಕಾರರು, ಒಕ್ಕಲಿಗರು, ಮುದುಕಿಯರು ಹೀಗೆ ವಾರವಾರವೂ ಕೊಟ್ಟ ಚಿಲ್ಲರೆಯೇ ಹೊಳೆಯಾಗಿ ಸಮುದ್ರ ದಾಟಿ ಬಂದಿತು. ನಮ್ಮ ಹೆಣ್ಣುಮಕ್ಕಳು ಅಡಿಗೆಗೆ ಅಳೆಯುವ ಮುಂಚೆ ಮಠದ ಗಡಿಗೆಗೆ ಒಂದು ಹಿಡಿ ಹಾಕುತ್ತಿದ್ದರಲ್ಲ, ಅದೇ ಕ್ರಮ. ವ್ಯತ್ಯಾಸ ಇಷ್ಟೆ: ಹಿಡಿ ಜೋಳ ಕೊಟ್ಟವಳಿಗೆ ಮಠದ ಅಂಗಳ ಕಾಣುತ್ತಿತ್ತು, ಅರ್ಧ ಬಾಟ್ಸೆನ್ ಕೊಟ್ಟವಳು ಧಾರವಾಡವನ್ನು ಕಂಡವಳಲ್ಲ, ಕಾಣುವ ಆಸೆಯೂ ಇಲ್ಲ.

ಆಕೆ ಕೊಟ್ಟದ್ದು ಏಕೆ? ದೂರದ ಜನ ತನ್ನ ದೇವರನ್ನು ಅರಿಯಲಿ ಎಂದು. ಫಲವಾದದ್ದು ಏನು? ಅವಳೆಣಿಸಿದ್ದು ಅವಳೆಣಿಸಿದಷ್ಟು ಆಗಲಿಲ್ಲ. ಎಣಿಸದೆ ಇದ್ದುದು ಬಹಳವಾಯಿತು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಂಡ್ ಕಿಟೆಲ್ಲರು ಕೊನೆಗೆ ಕೈಯಲ್ಲಿಟ್ಟದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟನ್ನು. ಇಂದಿಗೂ ಕನ್ನಡದ ಯಾವನೊಬ್ಬ ವಿದ್ವಾಂಸನೂ ಅದರ ಋಣದಿಂದ ಮುಕ್ತನಲ್ಲ. ಸ್ವಿಸ್ ಹಳ್ಳಿಯ ಯಾವಳೋ ಮುದುಕಿಗೆ, ತನ್ನ ಚಿಲ್ಲರೆಯಲ್ಲಿ ಒಂದು ಕೂದಲೆಳೆಯಷ್ಟು ಪಾಲು ಕುಮಾರವ್ಯಾಸನ ಶಬ್ದಗಳಿಗೆ ಅರ್ಥ ಬರೆಯುವುದಕ್ಕೆ ಸಂದಿತು ಎಂದು ಹೇಳಿದ್ದರೆ ಆಕೆ ಏನೆನ್ನುತ್ತಿದ್ದಳೋ! ಕೊಟ್ಟವನ ಸಂಕಲ್ಪ ಒಂದು, ಕೊಟ್ಟದ್ದರ ನಡೆ ಇನ್ನೊಂದು. ಆದಕಾರಣ, ಇಂಥವರು ಕೊಟ್ಟರು ಎಂಬ ಮಾತ್ರಕ್ಕೆ ಕೆಲಸವನ್ನು ಅಳೆಯಲಾಗದು; ನನ್ನ ಸಂಕಲ್ಪ ಶುದ್ಧವಾಗಿದೆ ಎಂಬ ಮಾತ್ರಕ್ಕೆ ನನ್ನ ಹಣ ಸರಿಯಾದ ಕಡೆಗೆ ಹೋಯಿತೆಂದೂ ಇಲ್ಲ.

ಹಾಗಾದರೆ ಫಲವನ್ನೇ ಲೆಕ್ಕ ಹಾಕಿ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ತತ್ವಜ್ಞಾನಿ, ಪೂರ್ವ ಬಂಗಾಲದ ನಿರಾಶ್ರಿತರು ಲಕ್ಷಗಟ್ಟಲೆ ನಮ್ಮ ದೇಶಕ್ಕೆ ಬಂದ 1971ರ ಸಂಕಟವನ್ನು ಎದುರಿಗಿಟ್ಟುಕೊಂಡು ಒಂದು ಲೇಖನ ಬರೆದು 1972ರಲ್ಲಿ ಪ್ರಕಟಿಸಿದರು. ಅವರ ವಾದವನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ನೀವು ಕೆರೆಯ ಏರಿಯ ಮೇಲೆ ಹೋಗುತ್ತಿದ್ದೀರಿ. ಒಂದು ಕೂಸು ನೀರಿನಲ್ಲಿ ಮುಳುಗುತ್ತಿದೆ. ಇಳಿದರೆ ನಿಮ್ಮ ಧೋತರ ಕೆಸರಾಗುತ್ತದೆ, ಅಷ್ಟೆ. ಇಳಿಯದೆ ಹೋದರೆ ನೀವು ಮನುಷ್ಯರಲ್ಲ. ಇನ್ನು ಆ ಕೂಸು ಏರಿಯ ಕೆಳಗೆ ಇಲ್ಲದೆ ಸಾವಿರ ಮೈಲಿಯ ಆಚೆಗೆ ಇದ್ದು, ಒಂದು ಧೋತರದ ಬೆಲೆಯಿಂದ ಅದನ್ನು ಬದುಕಿಸಬಹುದಾದರೆ ಕರ್ತವ್ಯ ಬೇರೆಯಾಗುವುದೆ? ದೂರವೆಂಬುದು ನೆಲದ ಅಳತೆಯೇ ಹೊರತು ಧರ್ಮದ ಅಳತೆಯಲ್ಲ ಎಂಬುದು ಅವರ ಅಭಿಪ್ರಾಯ. ಈ ದಾರಿಯನ್ನು ಹಿಡಿದವರು ಈಚೆಗೆ ಇನ್ನೂ ಮುಂದೆ ಹೋಗಿ, ಯಾವ ಸಂಸ್ಥೆಗೆ ಕೊಟ್ಟ ಒಂದು ರೂಪಾಯಿ ಎಷ್ಟು ಜೀವ ಉಳಿಸುತ್ತದೆಂದು ಪಟ್ಟಿ ಮಾಡತೊಡಗಿದ್ದಾರೆ. ಸೊಳ್ಳೆಯ ಪರದೆ ಮುಂದೆ, ಗುಡಿಯ ಗೋಪುರ ಬಹಳ ಹಿಂದೆ.

ದಯೆಗೆ ಲೆಕ್ಕ ಹಾಕುವುದೆಂದರೆ ನಮ್ಮಲ್ಲಿ ಹಲವರಿಗೆ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಕಾರಣವಿಲ್ಲದಿಲ್ಲ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಧಾರವಾಡದ ಪೂರ್ವದ ತಾಲೂಕುಗಳು ಬೆಂದುಹೋದವು. ಹುಬ್ಬಳ್ಳಿ ಗದಗುಗಳಿಗೆ ರೈಲು ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1884ರ ಹೊತ್ತಿಗೆ. ಎತ್ತುಗಳ ಬೆನ್ನ ಮೇಲೆ ಕಾಳು ಬರಬೇಕು, ಆ ಎತ್ತುಗಳಿಗೇ ಮೇವಿಲ್ಲ. ಆಗ ಸರಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಸಾಹೇಬರು 1877ರ ಆರಂಭದಲ್ಲಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಕೊಳ್ಳುವಷ್ಟು ಕೂಲಿಯೂ ಮೇಲೊಂದಿಷ್ಟು ಚಿಲ್ಲರೆಯೂ ಸಾಕೆಂದು ಗೊತ್ತುಮಾಡಿದರು. ಖಜಾನೆಯ ಲೆಕ್ಕ ಅದು. ಮುಂಬಯಿ ಇಲಾಖೆಯಲ್ಲಿ ಕೂಲಿಯವರು ಸಾವಿರಗಟ್ಟಲೆಯಾಗಿ ಕಾಮಗಾರಿಯನ್ನು ಬಿಟ್ಟು ಎದ್ದುಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಆದರೆ ನೋಡಿ, ಆ ಒಂದು ಪೌಂಡನ್ನು ಮುರಿಯಲು ನಿಂತ ಮದ್ರಾಸಿನ ವೈದ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಕಣ್ಣೀರಿನಿಂದ ವಾದಿಸಲಿಲ್ಲ. ದುಡಿಯುವ ದೇಹಕ್ಕೆ ಎಷ್ಟು ಆಹಾರ ಬೇಕು, ಅದರಲ್ಲಿ ಏನೇನು ಇರಬೇಕು ಎಂಬ ಅಂಕಿಗಳಿಂದಲೇ ವಾದಿಸಿದರು. ಅಂಕಿಗೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಯಾರ ಹೊಟ್ಟೆಯ ಕಡೆಯಿಂದ ಎಣಿಸಲು ಕೂತಿದ್ದೇವೆ ಎಂಬುದರ ಮೇಲೆ ಅದೆಲ್ಲ.

ಅದೇ ಬರದಲ್ಲಿ ಇನ್ನೊಂದು ಲೆಕ್ಕವೂ ಆಯಿತು. 1877ರ ಆಗಸ್ಟದಲ್ಲಿ ಮದ್ರಾಸಿನ ಗವರ್ನರರ ಮೊರೆಯಿಂದಾಗಿ ಲಂಡನ್ನಿನ ಮೇಯರರ ಮನೆಯಲ್ಲಿ ಒಂದು ನಿಧಿ ತೆರೆದರು. ದಯೆ ಮಿತಿಮೀರಿದರೆ ಸರಕಾರದ ನೀತಿ ಕೆಡುತ್ತದೆಂದು ವೈಸರಾಯ್ ಲಿಟನ್ನರಿಗೆ ಅದು ಹಿಡಿಸಲಿಲ್ಲ. ಆದರೂ ಸಾಮಾನ್ಯ ಜನರು ಕೊಟ್ಟ ಹಣ ಲಕ್ಷಗಟ್ಟಲೆ ಪೌಂಡುಗಳಾಯಿತು. ಅಷ್ಟು ಹೊತ್ತಿಗೆ ಮಳೆ ಬಿದ್ದಿತ್ತು. ಇನ್ನು ಅಂಬಲಿ ಹಾಕುವುದಕ್ಕಿಂತ ರೈತನಿಗೆ ಬೀಜಕ್ಕೆ, ಎತ್ತಿಗೆ, ಬಿದ್ದ ಮನೆಯ ಮಾಡಿಗೆ ಕೊಡುವುದೇ ಮೇಲೆಂದು ಗೊತ್ತುಮಾಡಿ ಅದರ ದೊಡ್ಡ ಪಾಲನ್ನು ಹಾಗೆಯೇ ಹಂಚಿದರು. ಇಲ್ಲಿ ಕೊಡುವವರು ಐದು ಸಾವಿರ ಮೈಲಿ ದೂರದವರು. ಯಾವ ವಾರದಲ್ಲಿ ಏನು ಕೊಡಬೇಕೆಂದು ಹೇಳಿದವರು ಊರ ನೆಲವನ್ನು ಬಲ್ಲವರು. ಹಣಕ್ಕೆ ದೂರ ಅಡ್ಡಬರಲಿಲ್ಲ, ತಿಳಿವಳಿಕೆಗೆ ಹತ್ತಿರ ಬೇಕಾಯಿತು. ಸಿಂಗರರ ವಾದಕ್ಕೆ ನಾನು ಸೇರಿಸಬಯಸುವ ಮಾತು ಇದೊಂದೆ. 2009ರಲ್ಲಿಯೂ 2019ರಲ್ಲಿಯೂ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ನಮ್ಮ ಬೆಣ್ಣಿಹಳ್ಳವೂ ಸೊಕ್ಕಿ ಹೊಲ ಮನೆ ನುಂಗಿತು. ಪಟ್ಟಣಗಳಿಂದ ಲಾರಿಗಟ್ಟಲೆ ಬಟ್ಟೆಬರೆ ಹೋಯಿತು. ಉಟ್ಟು ಹರಿದ ಬಟ್ಟೆಯನ್ನು ಕಳಿಸುವುದು ದಾನವೋ ಕಪಾಟು ಖಾಲಿಮಾಡುವುದೋ ಎಂದು ಕಳಿಸಿದವರು ಯೋಚಿಸಿದರೋ ಇಲ್ಲವೋ. ನೀರು ನಿಂತ ಎರೆಹೊಲದ ರೈತನಿಗೆ ಆಗ ಬೇಕಾದುದು ಹಿಂಗಾರಿಗೆ ಬಿತ್ತುವ ಕಡಲೆಯ ಬೀಜ.

ಇನ್ನು ಗೋಪುರದ ಮಾತು. ನವಲಗುಂದ ತಾಲೂಕಿನ ನಮ್ಮ ಊರಿನಿಂದ ನಮ್ಮ ಕಾಕಾ ಈ ಸಲವೂ ಪಾವತಿ ಪುಸ್ತಕ ತಂದಿದ್ದರು.

“ಗುಡಿಗೆ ಎಷ್ಟ ಬರಿಯೂಣೋ ತಮ್ಮಾ?”

“ಕಾಕಾ, ಗುಡಿ ಗಟ್ಟಿ ಐತೆಲ್ಲ?”

“ಗಟ್ಟಿ ಐತಿ. ಆದರ ಆಜೂಬಾಜೂ ಊರಾಗ ಎಲ್ಲಾರೂ ಗೋಪುರ ಕಟ್ಟಿಸ್ಯಾರ. ನಮ್ಮ ದೇವರು ಬೋಳತಲೀಲೆ ಕುಂತಾನ.”

ನಕ್ಕುಬಿಡಬಹುದು. ಆದರೆ ಕಾಕಾನ ಮಾತಿನಲ್ಲಿ ಊರಿನ ಮಾನದ ಮಾತಿದೆ; ಅದನ್ನು ಸೊಳ್ಳೆಪರದೆಯ ತಕ್ಕಡಿಯಲ್ಲಿಟ್ಟು ತೂಗಿದರೆ ನ್ಯಾಯವಾಗದು. ಕುಂದಗೋಳವನ್ನೇ ನೋಡೋಣ. ಅಲ್ಲಿಯ ನಾಡಿಗೇರ ವಾಡೆಯವರು ಹಾಡುವವರಿಗೆ ಆಶ್ರಯವಿತ್ತರು. ಆ ವಾಡೆಯ ನೆರಳಿನಲ್ಲಿಯೇ ಅಬ್ದುಲ್ ಕರೀಂ ಖಾನರ ಸಂಗೀತ ಕಿವಿಗೆ ಬಿದ್ದ ರಾಮಭಾವು ಎಂಬ ಹುಡುಗ ಸವಾಯಿ ಗಂಧರ್ವರಾದರು. 1952ರಲ್ಲಿ ತೀರಿಕೊಳ್ಳುವುದರೊಳಗೆ ಅವರು ತಮ್ಮೂರಿನಲ್ಲಿಯೇ ಕೂತು ಭೀಮಸೇನ ಜೋಶಿಯವರಿಗೆ, ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಕಲಿಸಿದರು. ಅಂದು ಯಾರಾದರೂ ಲೆಕ್ಕದ ಮನುಷ್ಯ ಬಂದು, ಈ ಹಾಡುವವರಿಗೆ ಹಾಕುವ ಊಟದಿಂದ ಎಷ್ಟು ಹಸಿದವರನ್ನು ಉಣಿಸಬಹುದಿತ್ತು ಎಂದು ಕೇಳಿದ್ದರೆ ವಾಡೆಯವರ ಬಳಿ ಉತ್ತರವಿರುತ್ತಿರಲಿಲ್ಲ. ಪ್ರಶ್ನೆ ಸುಳ್ಳಲ್ಲ. ಆದರೆ ಆ ಪ್ರಶ್ನೆಯನ್ನು ಎಲ್ಲರೂ ಎಲ್ಲ ಕಾಲಕ್ಕೂ ಕೇಳಿಕೊಂಡಿದ್ದರೆ ಭೀಮಸೇನರ ಕಂಠ ನಮಗೆ ಸಿಕ್ಕುತ್ತಿರಲಿಲ್ಲ. ಎರಡನ್ನೂ ಒಂದೆಡೆ ತಂದವರೂ ನಮ್ಮಲ್ಲಿದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರ ವರೆಗೆ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು, ಅಂಧ ಮಕ್ಕಳಿಗೂ ಅನಾಥರಿಗೂ ಅನ್ನದ ಜೊತೆಗೆ ಸಂಗೀತವನ್ನೂ ಕೊಟ್ಟರು. ಹಸಿವು ಮೊದಲೋ ಹಾಡು ಮೊದಲೋ ಎಂಬ ಜಗಳ ಅಲ್ಲಿ ಏಳಲಿಲ್ಲ. ಹಾಡು ಕಲಿತವನು ಅನ್ನ ಗಳಿಸಿದ.

ತಮ್ಮವರಿಗೆ ಕೊಡುವುದು ಕೀಳೇ ಎಂಬ ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ನವಲಗುಂದ ಶಿರಸಂಗಿಗಳ ದೇಸಗತಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟು ಮರಣಪತ್ರ ಬರೆದಿಟ್ಟರು. ಎರೆನೆಲದ ಒಕ್ಕಲುಗಳು ಬೆವರಿಳಿಸಿದ ಹುಟ್ಟುವಳಿ ಅವರ ಮಕ್ಕಳ ಓದಿಗೆ ತಿರುಗಿ ಬಂದಿತೆಂದರೆ ಸಲ್ಲುತ್ತದೆ. ಆ ನಿಧಿಯಿಂದ ಓದಿದವರು ಎಷ್ಟೋ ಮಂದಿ. ಬೆಳಗಾವಿಯಲ್ಲಿ 1933ರಲ್ಲಿ ತೆರೆದ ಕಾಲೇಜಿಗೂ ಅವರದೇ ಹೆಸರು. ಅವರು ಮುಖ್ಯವಾಗಿ ತಮ್ಮ ಲಿಂಗಾಯತ ಸಮಾಜದ ಮಕ್ಕಳನ್ನು ನೆನೆದು ಬರೆದದ್ದು ನಿಜ. ಇದನ್ನು ಇಂದು ಕುಂದೆಂದು ಎತ್ತಿ ಆಡುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಆ ಕಾಲದಲ್ಲಿ ಇಂಗ್ಲಿಷು ಶಾಲೆಯ ಬಾಗಿಲಿನವರೆಗೂ ಹೋಗದ ಒಕ್ಕಲುಮಕ್ಕಳನ್ನು ಬಲ್ಲವರು ಅವರು. ಬಲ್ಲ ಕಡೆಯಿಂದ ತೊಡಗಿದರು. ಮನುಷ್ಯ ಎಲ್ಲಿಂದಲಾದರೂ ತೊಡಗಲೇಬೇಕಷ್ಟೆ. ಆದರೆ ನೂರು ವರ್ಷಗಳಾದ ಮೇಲೆ, ಓದಿ ಉದ್ಯೋಗಸ್ಥರಾಗಿ ಮನೆ ಕಟ್ಟಿಸಿದ ನಾವು ಕೂಡ ನಮ್ಮ ನಮ್ಮ ಜಾತಿಯ ವಿದ್ಯಾರ್ಥಿನಿಲಯದ ಪಾವತಿಯನ್ನು ಮಾತ್ರ ಹರಿಸಿ ಕೈ ತೊಳೆದುಕೊಂಡರೆ, ಅದಕ್ಕೆ ಲಿಂಗರಾಜರ ಹೆಸರು ಹೇಳಬಾರದು. ಅವರು ಇದ್ದ ಜಾಗ ಬೇರೆ, ನಾವು ನಿಂತ ಜಾಗ ಬೇರೆ.

ಸಂಸ್ಥೆಗಳ ಲೆಕ್ಕಪತ್ರದ ವಿಷಯವಾಗಿ ಎರಡು ಮಾತು. ನಮ್ಮ ಭಾಗಕ್ಕೆ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಬಂದಾಗ, ಧರ್ಮಾದಾಯವೆಂದರೆ ದೇವರೇ ಲೆಕ್ಕ ನೋಡುವವನು ಎಂದು ನಂಬಿದ್ದವರಿಗೆ ವಹಿ ಬರೆದು ತಪಾಸಣೆ ಮಾಡಿಸುವ ಪ್ರಸಂಗ ಬಂದಿತು. ಒಳ್ಳೆಯದೇ ಆಯಿತು. ಹಣ ಕೇಳುವವನನ್ನು ಕಳೆದ ವರ್ಷದ ಜಮಾಖರ್ಚು ತೋರಿಸಿ ಎಂದು ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ. ಒಳ್ಳೆಯವರು ಸಂತೋಷದಿಂದ ತೋರಿಸುತ್ತಾರೆ. ಆದರೆ ನಮ್ಮ ಜನರಲ್ಲಿ ಇನ್ನೊಂದು ಹಟವಿದೆ: ನಾನು ಕೊಟ್ಟದ್ದರಲ್ಲಿ ಒಂದು ಪೈಯೂ ಆಫೀಸಿನ ಖರ್ಚಿಗೆ ಹೋಗಬಾರದು. ಅನಾಥ ಮಕ್ಕಳ ಊಟಕ್ಕೆ ಕೊಡುವೆ, ಅಡಿಗೆಯವಳ ಪಗಾರಕ್ಕೆ ಕೊಡಲೊಲ್ಲೆ. ಹಾಗಾದರೆ ಅಡಿಗೆ ಮಾಡುವವರಾರು? ಲೆಕ್ಕ ಬೇಕು ಎಂದವನು ಲೆಕ್ಕ ಬರೆಯುವವನ ಸಂಬಳವನ್ನೂ ಒಪ್ಪಬೇಕಾಗುತ್ತದೆ.

ಇಷ್ಟೆಲ್ಲ ಶಾಸ್ತ್ರ ಹೇಳಿದ ಮೇಲೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ ಎಂದು ವಾಚಕರು ಕೇಳಿಯಾರು. ಈ ವರ್ಷ ನಾವು ತೆಗೆದಿಟ್ಟದ್ದು ಇಪ್ಪತ್ತು ಸಾವಿರ. ಪಾವತಿ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿ ಕೂತಾಗ, ಪುಸ್ತಕವೇ ಇಲ್ಲದ ಒಂದು ಕಾರಣ ಅಡಿಗೆಮನೆಯಿಂದ ಬಂದಿತು. ನಮ್ಮ ಮನೆಗೆ ಭಾಂಡೆ ತಿಕ್ಕಲು ಬರುವ ಹೆಣ್ಣುಮಗಳು ಕುಂದಗೋಳ ತಾಲೂಕಿನ ಒಂದು ಹಳ್ಳಿಯವಳು. ಮಳೆ ಹೋದ ಒಂದು ವರ್ಷ ಗಂಡನೊಡನೆ ಹುಬ್ಬಳ್ಳಿಗೆ ಬಂದವಳು ತಿರುಗಿ ಹೋಗಲಿಲ್ಲ. ಅವಳ ಹಿರಿಯ ಮಗಳು ಪಿಯುಸಿ ಪಾಸಾಗಿ ನರ್ಸಿಂಗಿಗೆ ಸೇರಿದ್ದಾಳೆ. ಎರಡನೆಯ ಕಂತಿನ ಫೀ ತುಂಬುವುದಕ್ಕೆ ದಾರಿ ಕಾಣದು.

“ಆಕಿ ನನ್ನ ಮುಂದ ಏನೂ ಕೇಳಿಲ್ಲಲ್ಲ,” ಎಂದೆ.

“ಆಕಿ ಕೇಳಂಗಿಲ್ಲರಿ,” ಎಂದಳು ನನ್ನ ಹೆಂಡತಿ. “ಕೇಳಿ ಇಸಗೊಂಡ್ರ ಮುಂದ ನನ್ನ ಕಡೆ ಒಂದ ದಿನದ ಸೂಟಿ ಕೇಳಾಕೂ ಬಾಯಿ ಬರೂದಿಲ್ಲಂತ ಆಕಿಗೆ ಗೊತ್ತೈತಿ.”

ಮೈಮೊನಿಡೀಸನು ಎಂಟು ಮೆಟ್ಟಿಲು ಕಟ್ಟಿ ಹೇಳಿದ್ದನ್ನು ನಮ್ಮ ಮನೆಯ ಭಾಂಡೆಯ ಕಲ್ಲಿನ ಹತ್ತಿರ ಯಾರೋ ಒಂದು ವಾಕ್ಯದಲ್ಲಿ ತಿಳಿದುಕೊಂಡಿದ್ದರು. ಸಂಕ್ರಮಣದಿಂದ ಅವಳ ಪಗಾರ ಹೆಚ್ಚು ಮಾಡುವುದೆಂದು ನಾವು ದೀಪಾವಳಿಗೇ ಮಾತಾಡಿಕೊಂಡಿದ್ದೆವು. ಹೇಗೂ ತೆಗೆದಿಟ್ಟ ಹಣವಿದೆ, ಆ ಹೆಚ್ಚಿನ ಪಗಾರವನ್ನು ಇದರಲ್ಲಿಯೇ ಹಿಡಿದು ಫೀಯ ಭಾರವನ್ನು ಅಷ್ಟು ಕಡಿಮೆ ಮಾಡಬಹುದಲ್ಲ ಎಂಬ ಮಾತು ನಡುವೆ ಬಂದಿತು. ಹೆಂಡತಿ ಕೂಡದೆಂದಳು. ಪಗಾರ ಮನೆಯ ಖರ್ಚಿನಲ್ಲಿ ಬರೆಯಬೇಕು, ಹಾಲಿನ ಲೆಕ್ಕದ ಕೆಳಗೆ. ದಾನದ ಚೀಟಿಯಲ್ಲಿ ಬರೆದರೆ ನಾಳೆ ದಾನ ಮಾಡಲು ಮನಸ್ಸಿಲ್ಲದ ದಿನ ಪಗಾರವೂ ಇಳಿದೀತು. ಕಣದ ಬದಿಯಲ್ಲಿ ನಿಂತು ಸೆರಗೊಡ್ಡಿದವರ ಪಾಲಿನ ವಿಷಯವಾಗಿ ನಾನು ಮೇಲೆ ಬರೆದ ಮಾತು ನನಗೆ ಹೊಳೆದದ್ದು ಆ ಹೊತ್ತಿನಲ್ಲಿ. ಕೊಡುವುದರ ಯೋಚನೆಗೆ ಕೂಡುವ ಮುಂಚೆ ನಾವು ಸಲ್ಲಿಸಬೇಕಾದುದು ಯಾರ್ಯಾರಿಗೆ ಎಷ್ಟೆಷ್ಟು ಇದೆ ಎಂಬ ಪಟ್ಟಿ ಬೇರೆ ಆಗಬೇಕಾಗುತ್ತದೆ. ಅದು ತೀರದೆ ಹೋದರೆ ಉಳಿದದ್ದು ಬೇರೆಯವರ ಹಣದಿಂದ ಪುಣ್ಯ ಕೊಂಡ ಹಾಗೆ. 1877ರಲ್ಲಿ ಕೂಲಿಯನ್ನು ಕಡಿದು ಆಮೇಲೆ ನಿಧಿ ಎತ್ತಿದ ರಾಜ್ಯವನ್ನು ನಾವು ಮೆಚ್ಚುವುದಿಲ್ಲವಲ್ಲ.

ಇಷ್ಟಕ್ಕೇ ಸಂದೇಹ ತೀರಲಿಲ್ಲ. ಒಬ್ಬ ಹುಡುಗಿಯ ಫೀಗೆ ಹನ್ನೆರಡು ಸಾವಿರ ಹೋದರೆ, ಲೆಕ್ಕದವರ ಪಟ್ಟಿಯಂತೆ ಅದೇ ಹಣದಿಂದ ಆಫ್ರಿಕದಲ್ಲಿಯೋ ಒಡಿಶಾದಲ್ಲಿಯೋ ಎಷ್ಟೋ ಮಕ್ಕಳ ಹಾಸಿಗೆಗೆ ಸೊಳ್ಳೆಪರದೆ ಆಗುತ್ತಿತ್ತು. ಆ ಮಕ್ಕಳು ನನ್ನ ಕಣ್ಣಿಗೆ ಬೀಳದಿರುವುದು ಅವರ ತಪ್ಪಲ್ಲ. ನಮ್ಮ ಹುಡುಗಿಯೂ ಕೇಳಿರಲಿಲ್ಲ, ಅವರೂ ಕೇಳಿಲ್ಲ. ಇವಳ ತಾಯಿ ನಮ್ಮ ಅಡಿಗೆಮನೆಯಲ್ಲಿ ಇದ್ದಳು ಎಂಬುದಷ್ಟೇ ವ್ಯತ್ಯಾಸ. ಇದಕ್ಕೆ ಸಿದ್ಧ ಉತ್ತರ ನನ್ನಲ್ಲಿಲ್ಲ. ಆದರೆ ಕೆರೆಯ ಏರಿಯ ಮೇಲಿನ ಮನುಷ್ಯ, ದೂರದ ಊರಿನಲ್ಲಿ ಇಬ್ಬರು ಮುಳುಗುತ್ತಿದ್ದಾರೆಂಬ ಕಾರಣಕ್ಕೆ ಎದುರಿಗಿರುವ ಒಬ್ಬಳನ್ನು ಬಿಟ್ಟು ಹೋದನೆಂದರೆ ಅವನನ್ನು ಲೆಕ್ಕದಲ್ಲಿ ಜಾಣನೆನ್ನಬಹುದೇ ಹೊರತು, ಅವನೊಡನೆ ಅದೇ ಏರಿಯ ಮೇಲೆ ಮತ್ತೊಮ್ಮೆ ನಡೆಯಲು ನನಗೆ ಧೈರ್ಯವಾಗದು. ಅವನು ಮುಂದೆ ದೂರದ ಇಬ್ಬರಿಗೂ ಏನಾದರೂ ಕಳಿಸಬೇಕೆಂಬುದನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ.

ಫೀಯನ್ನು ಹುಡುಗಿಯ ಕೈಗೂ ಕೊಡಲಿಲ್ಲ, ತಾಯಿಯ ಕೈಗೂ ಕೊಡಲಿಲ್ಲ. ಕಾಲೇಜಿನ ಕಾರಕೂನರನ್ನು ಕಂಡು, ಕಷ್ಟದಲ್ಲಿರುವ ವಿದ್ಯಾರ್ಥಿನಿಯರಿಗೆ ಹಿಂದೆಯೂ ಕೆಲವರು ಹೀಗೆ ತುಂಬಿದ್ದುಂಟೆಂದು ತಿಳಿದು, ಹೆಸರಿಲ್ಲದೆ ತುಂಬಿಸಿದೆವು. ತಾಯಿ ಮರುವಾರ ಬಂದು, ಕಾಲೇಜಿನವರೇ ಏನೋ ಮಾಡಿದರಂತೆ ಎಂದು ನನ್ನ ಹೆಂಡತಿಗೆ ಹೇಳಿದಳು. ಅದೇ ವಾರ ಊರ ಜಾತ್ರೆಗೆಂದು ಎರಡು ದಿನದ ಸೂಟಿಯನ್ನೂ ಕೇಳಿದಳು.

ಉಳಿದ ಎಂಟು ಸಾವಿರದಲ್ಲಿ ನಾಲ್ಕು ಸಾವಿರ ಗದಗಿನ ಆಶ್ರಮಕ್ಕೆ ಹೋಯಿತು. ಎರಡು ಸಾವಿರ ಸೊಳ್ಳೆಪರದೆಯವರಿಗೆ; ಕಂಡರಿಯದ ಮಕ್ಕಳ ಮಟ್ಟಿಗೆ ನನ್ನ ಅರ್ಧ ಬಾಟ್ಸೆನ್ ಅದು. ಕ್ರಿಸ್ಮಸ್ಸಿನ ಊಟದವರು ಬಂದಾಗ ಒಂದು ಸಾವಿರ ಕೊಟ್ಟು, ಆ ದಿನ ಎಲ್ಲರೂ ಉಣಿಸುತ್ತಾರೆ, ಇದನ್ನು ಫೆಬ್ರುವರಿಯಲ್ಲಿ ಖರ್ಚು ಮಾಡಿರೆಂದೆ. ಅವರು ನಕ್ಕು, ಎಲ್ಲರೂ ಹಾಗೇ ಅಂದರೆ ಫೆಬ್ರುವರಿಯಲ್ಲಿಯೇ ಹಬ್ಬ ಮಾಡಬೇಕಾಗುತ್ತದೆ ಎಂದರು. ಆದರೂ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು. ಗುಡಿಗೆ ಐದುನೂರಾ ಒಂದು ಬರೆಸಿದೆ. ಕಾಕಾ ಪಾವತಿ ಹರಿದು ಕೊಟ್ಟು, ಹಾಸುಗಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿಸಬೇಕಾದರೆ ಐದು ಸಾವಿರದ ಒಂದು ಆಗುತ್ತದೆಂದೂ, ಗೋಪುರದ ಕೆಲಸ ಯುಗಾದಿಯ ವರೆಗೆ ನಡೆಯುವುದರಿಂದ ಅವಸರವೇನೂ ಇಲ್ಲವೆಂದೂ ಹೇಳಿ, ಚಹಾ ಕುಡಿದು ಊರ ಬಸ್ಸಿಗೆ ಎದ್ದರು.